ಹಳೇದು ಹಳೇದು ಅಂತ ಎಷ್ಟು ಸಲ ಹೇಳ್ತೀರಿ ಮಾರಾಯ್ರೇ

ಶಿರಸಿ ಹಳೇ ಬಸ್ ಸ್ಟ್ಯಾಂಡ್ ಹತ್ರ ಇವತ್ತು ಅಂಬಾಸಿಡರ್ ಒಂದು ಬಾನೆಟ್ ಎತ್ತಿಕೊಂಡು ನಿಂತಿತ್ತು. ಇಣುಕಿದ ಹುಡುಗ ತೀರ್ಪು ಕೊಟ್ಟೇಬಿಟ್ಟ: 'ಪುಶ್‌ರಾಡ್ ಇಂಜಿನ್, ಹಳೇ ಟೆಕ್ನಾಲಜಿ.'

ಹಳೇದಂತೆ! ಇಂಜಿನ್ನಿಗೆ ಗಾಳಿ ಬಿಡೋ, ಹೊಗೆ ಕಳಿಸೋ ಬಾಗಿಲು ವಾಲ್ವ್; ಅದನ್ನ ಒತ್ತಿ ತೆರೆಯೋ ಉಬ್ಬುಗಳ ದಂಡ ಕ್ಯಾಮ್. ಜನ ಹೊಸದು ಅನ್ನೋದು ಇಂಜಿನ್ ತಲೆ, ಅಂದ್ರೆ ಹೆಡ್ ಮೇಲೇ ಕ್ಯಾಮ್ ಇರೋ ಓವರ್‌ಹೆಡ್ ಕ್ಯಾಮನ್ನ. ಆದರೆ ಹೆಡ್ ಮೇಲೆ ಎರಡು ಕ್ಯಾಮ್, ಸಿಲಿಂಡರಿಗೆ ನಾಲ್ಕು ವಾಲ್ವ್ ಇಟ್ಟ ರೇಸ್ ಕಾರನ್ನು ಫ್ರಾನ್ಸಿನ ಪೇಜೋ ಕಂಪನಿ 1912ರಲ್ಲೇ ಓಡಿಸಿತ್ತು. ಅತ್ತ ಅಮೆರಿಕದ ಸ್ಪೋರ್ಟ್ಸ್ ಕಾರು 2020ರ ಕಾರ್ವೆಟ್‌ನಲ್ಲಿ ಕೂತಿದ್ದು 6.2 ಲೀಟರಿನ ಪುಶ್‌ರಾಡ್ ವಿ8. ಈಗ ಹೇಳಿ, ಯಾವುದು ಹಳೇದು?

ವ್ಯತ್ಯಾಸ ಇರೋದು ಕ್ಯಾಮ್ ಎಲ್ಲಿ ಕೂತಿದೆ ಅನ್ನೋದರಲ್ಲಿ. ಪುಶ್‌ರಾಡ್‌ನಲ್ಲಿ ಅದು ಕೆಳಗೆ ಬ್ಲಾಕ್ ಒಳಗಿರ್ತದೆ. ಟ್ಯಾಪೆಟ್ (ಕ್ಯಾಮ್ ಮೇಲೆ ಕೂರೋ ತುಂಡು), ಕಡ್ಡಿ (ಅದೇ ಪುಶ್‌ರಾಡ್), ರಾಕರ್ (ಏತದಂಥ ತೋಳು) ದಾಟಿ ಮೇಲಿರೋ ವಾಲ್ವ್ ಒತ್ತಬೇಕು. ಹೆಡ್-ಬ್ಲಾಕ್ ನಡುವಿನ ಗ್ಯಾಸ್ಕೆಟ್ ಹೋಗಿ ಹೆಡ್ ಬಿಚ್ಚಿದರೂ ಕ್ಯಾಮ್ ತಿರುಗಿಸೋ ಟೈಮಿಂಗ್ ಚೈನಿಗೆ ಕೈ ಹಾಕೋದು ಬೇಡ. ಕಡ್ಡಿಗಳನ್ನು ರಟ್ಟಿಗೆ ತೂತು ಮಾಡಿ ಸಾಲಾಗಿ ಸಿಕ್ಕಿಸಿಡಿ, ತೆಗೆದ ಜಾಗಕ್ಕೇ ವಾಪಸ್ ಹೋಗಬೇಕು. ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ಗೊತ್ತಾಗ್ತದೆ. ಟ್ಯಾಪೆಟ್ ಸೆಟ್ಟಿಂಗಿಗೆ, ಅಂದ್ರೆ ರಾಕರ್-ವಾಲ್ವ್ ನಡುವಿನ ಸಂದು ಸರಿಮಾಡೋಕೆ, ಅಂಬಾಸಿಡರ್‌ನ ಆ 1489 ಸಿಸಿ ಇಂಜಿನ್ನಲ್ಲಿ ಒಂಬತ್ತರ ಲೆಕ್ಕ: ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೇದಕ್ಕೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ತೂರಿಸಿ, ಮೂರನೇದು ತೆರೆದಾಗ ಆರನೇದಕ್ಕೆ. ಕೂಡಿದರೆ ಒಂಬತ್ತು ಬರಬೇಕು. ಸಂದು ಜಾಸ್ತಿಯಾದ್ರೆ ಟಕಟಕ ಸದ್ದು, ಅಷ್ಟೇ. ಕಮ್ಮಿಯಾದ್ರೆ ಸದ್ದೇ ಇಲ್ಲ, ಆದರೆ ವಾಲ್ವ್ ಸೀಟಿಗೆ ಸರಿಯಾಗಿ ಕೂರದೆ ಸುಟ್ಟುಹೋಗ್ತದೆ. ಸದ್ದು ಬರಬಾರದು ಅಂತ ಬಿಗಿ ಮಾಡಿಸೋರು ಇದನ್ನ ಎರಡು ಸಲ ಓದಿ.

ಹೈ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಹಾಕೋ ಸುತ್ತು) ಪುಶ್‌ರಾಡ್ ಸೋಲ್ತದೆ ಅಂತೀರಾ? ಒಪ್ಪಿದೆ. ಕಡ್ಡಿ, ರಾಕರ್‌ಗಳ ತೂಕಕ್ಕೆ ಸ್ಪ್ರಿಂಗ್ ಸೋತರೆ ವಾಲ್ವ್ ಕ್ಯಾಮನ್ನು ಬಿಟ್ಟು ತೇಲ್ತದೆ. ಅದಕ್ಕೇ 8600 ಆರ್‌ಪಿಎಂ ಮುಟ್ಟೋ ಕಾರ್ವೆಟ್ ಝಡ್06ಗೆ ಕ್ಯಾಮ್ ಮೇಲೆ ಹೋಯ್ತು. ಆದರೆ ದೇವಿಮನೆ ಘಾಟಿಯಲ್ಲಿ, ಲಾರಿ ಹಿಂದೆ, ಎರಡನೇ ಗೇರಿನಲ್ಲಿ ನಿಮಗ್ಯಾಕ್ರೀ 8600?

ನಾ ಓಡಿಸೋದೂ ಓವರ್‌ಹೆಡ್ ಕ್ಯಾಮ್ ಕಾರೇ, ಸುಳ್ಳು ಯಾಕೆ. ಮೈಲೇಜು, ನಯ ಎಲ್ಲಾ ಚೊಲೋ. ಆದರೆ ಘಾಟಿ ಹತ್ತುವಾಗ ಕಾದು ಹೆಡ್ ಸೊಟ್ಟಗಾದ್ರೆ ಕ್ಯಾಮ್ ಕೂತ ಸಾಲೂ ಸೊಟ್ಟಗಾಗ್ತದೆ; ಅಡಿ ಮಾತ್ರ ಉಜ್ಜಿಸಿ ಜೋಡಿಸಿದರೆ ಕ್ಯಾಮ್ ಹಿಡ್ಕೊಳ್ತದೆ. ಆಯಿಲ್ ಕಮ್ಮಿಯಾದಾಗ ಮೊದಲು ಒಣಗೋದೂ ಮೇಲಿರೋ ಕ್ಯಾಮೇ. ಕ್ಯಾಮ್ ತಿರುಗಿಸೋಕೆ ಚೈನ್ ಬದಲು ಬೆಲ್ಟ್ ಇದ್ದರೆ, ಅದನ್ನ ಬದಲಿಸೋಕೆ ಕಿಲೋಮೀಟರ್ ಜೊತೆ ವರ್ಷಾನೂ ಎಣಿಸಿ. ಸೀಲ್ ಸೋರಿ ಆಯಿಲ್ ಕುಡಿದ ಬೆಲ್ಟ್ ಅವಧಿಗೆ ಮುಂಚೆಯೇ ಹೋಗ್ತದೆ, ವಾಲ್ವ್‌ಗೂ ಪಿಸ್ಟನ್‌ಗೂ ಜಾಗ ಬಿಡದ ಇಂಜಿನ್ನಾದ್ರೆ ವಾಲ್ವೂ ಬಾಗ್ತದೆ. ಬದಲಿಸುವಾಗ ಬೆಲ್ಟ್ ಬಿಗಿ ಹಿಡಿಯೋ ಟೆನ್ಷನರ್ ಹೊಸದೇ ಹಾಕಿ. ಟೈಮಿಂಗ್ ಮಾರ್ಕ್ ಕೂಡಿಸಿ ಇಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿ, ಆಮೇಲೆ ಚಾವಿ. ಸೆಕೆಂಡ್ ಹ್ಯಾಂಡ್ ಕಾರಿನ ಟೈರು, ಸೀಟ್ ಕವರ್ ಮುಟ್ಟಿ ನೋಡೋ ಜನ ಬೆಲ್ಟ್ ಯಾವಾಗ ಹಾಕಿದ್ದು ಅಂತ ಕೇಳೋದೇ ಇಲ್ಲ. ಹೊಸ ಟೆಕ್ನಾಲಜಿ ಅಲ್ವಾ!

ಅಂದಹಾಗೆ ಆ ಅಂಬಾಸಿಡರ್‌ಗೆ ಆಗಿದ್ದೇನು ಗೊತ್ತುಂಟಾ? ರೇಡಿಯೇಟರ್ ಹೋಸ್ ಒಡೆದಿತ್ತು.