ನಮ್ಮದೇನೂ ತಕರಾರಿಲ್ಲ

ಬೇಡವೆನ್ನಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಸಭ್ಯರು ಆಕ್ಷೇಪಣೆ ಎತ್ತುತ್ತಾರೆ, ನೊಂದವರು ದೂರು ಕೊಡುತ್ತಾರೆ, ಕೋರ್ಟಿನ ಮೆಟ್ಟಿಲು ಹತ್ತಿದವರು ಫಿರ್ಯಾದು ಸಲ್ಲಿಸುತ್ತಾರೆ. ಉಳಿದ ನಾವೆಲ್ಲ ತಕರಾರು ತೆಗೆಯುತ್ತೇವೆ. ಆ 'ತೆಗೆಯುವುದು' ನನಗೆ ಬಹಳ ಇಷ್ಟ. ತಕರಾರು ಆ ಕ್ಷಣಕ್ಕೆ ಹುಟ್ಟುವಂಥದ್ದಲ್ಲ. ಒಳಗೆಲ್ಲೋ ಮೊದಲೇ ಇರುತ್ತದೆ, ಸಮಯ ನೋಡಿ ಹೊರಗೆ ತೆಗೆಯಬೇಕು, ಅಷ್ಟೆ.

ತೆಗೆಯಲು ಮನುಷ್ಯನೇ ಆಗಬೇಕೆಂದೂ ಇಲ್ಲ. ಮದುವೆ ಊಟದ ಮರುದಿನ ಹೊಟ್ಟೆ ತಕರಾರು ತೆಗೆಯುತ್ತದೆ, ಮೆಟ್ಟಿಲು ಕಂಡಾಗ ಮಂಡಿ, ಮಳೆ ಹನಿಯುವಾಗ ಸ್ಕೂಟರು. ನಮ್ಮ ಮನೆಯ ಮಿಕ್ಸಿಯಂತೂ ಮೆಣಸಿನಕಾಯಿಯನ್ನು ಒಪ್ಪಿಕೊಂಡು ತೆಂಗಿನಕಾಯಿಗೆ ಮಾತ್ರ ತಕರಾರು ತೆಗೆಯುತ್ತದೆ. ಒತ್ತಾಯಿಸಿದರೆ ಸುಟ್ಟ ವಾಸನೆಯ ಲಿಖಿತ ಹೇಳಿಕೆ ಸಲ್ಲಿಸುತ್ತದೆ.

ಆದರೆ ಈ ಪದ ನಿಜಕ್ಕೂ ಅಪಾಯಕಾರಿಯಾಗುವುದು ಅದಕ್ಕೆ 'ಇಲ್ಲ' ಸೇರಿದಾಗ. ಯಾವುದಾದರೂ ಮದುವೆಯ ಮಾತುಕತೆಯಲ್ಲಿ ನಮ್ಮ ದೊಡ್ಡಪ್ಪ "ನಮ್ಮದೇನೂ ತಕರಾರಿಲ್ಲಪ್ಪ" ಎಂದು ಆರಂಭಿಸಿದರೆ, ಹೊರಡಲು ಎದ್ದಿದ್ದ ದೊಡ್ಡಮ್ಮ ಸೆರಗು ಸರಿಪಡಿಸಿಕೊಂಡು ಮತ್ತೆ ಕೂತುಬಿಡುತ್ತಾರೆ. "ಛತ್ರ ಊರಾಚೆ ಇದೆ ಎಂದು ನಾನು ಹೇಳುವುದಿಲ್ಲ. ಬೆಳಗಿನ ಜಾವದ ಮುಹೂರ್ತಕ್ಕೆ ವಯಸ್ಸಾದವರು ಹೇಗೆ ಬರಬೇಕು ಎಂದೂ ಕೇಳುವುದಿಲ್ಲ. ಅಡುಗೆಯವರ ಮಾತಂತೂ ಎತ್ತುವುದೇ ಇಲ್ಲ." ಹೀಗೆ ಅರ್ಧ ಗಂಟೆ ಏನನ್ನೂ ಹೇಳದೆ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ನಾವು ಇದನ್ನು ಕಿರಿಕಿರಿ ಎಂದುಕೊಳ್ಳುತ್ತಿದ್ದೆವು. ನೋಡಿದರೆ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಖಾಯಂ ಜಾಗವೇ ಇದೆ. ಹೇಳಬೇಕೆಂದಿರುವುದನ್ನು ಹೇಳುವುದಿಲ್ಲವೆಂದು ತಡೆದು, ಆ ಮೂಲಕವೇ ಅದಕ್ಕೆ ಒತ್ತು ಕೊಡುವುದು ಆಕ್ಷೇಪಾಲಂಕಾರ. ದೊಡ್ಡಪ್ಪನಿಗೆ ಇದನ್ನು ತಿಳಿಸಿಲ್ಲ. ತಿಳಿದರೆ ಅಭ್ಯಾಸ ಹೆಚ್ಚುತ್ತದೆ.

ಆಕ್ಷೇಪ ಸಂಸ್ಕೃತದ್ದು, 'ಕ್ಷಿಪ್' ಎಂದರೆ ಎಸೆ. ತಕರಾರಿನ ಹುಟ್ಟೂರು ಇನ್ನೂ ದೂರ. ಅರಬ್ಬಿಯ 'ತಕ್ರಾರ್' ಪಾರಸಿಯ ಬಂಡಿ ಹತ್ತಿ ನಮ್ಮಲ್ಲಿಗೆ ಬಂತು. ಬಿಜಾಪುರದ ಆದಿಲ್‌ಶಾಹಿಗಳಿಂದ ಹಿಡಿದು ಮೈಸೂರಿನ ಟಿಪ್ಪುವಿನವರೆಗೆ ದಫ್ತರಗಳಲ್ಲಿ ಪಾರಸಿ ಓಡಾಡಿದ್ದರ ಗುರುತುಗಳು ಈಗಲೂ ಸರ್ಕಾರಿ ಕನ್ನಡದಲ್ಲಿ ಉಳಿದಿವೆ: ಅರ್ಜಿ, ದರಖಾಸ್ತು, ಜಮೀನು, ವಕೀಲ, ಹಾಜರಿ, ಷರಾ. ತಕರಾರೂ ಆ ಬಳಗದ್ದೇ. ಮರಾಠಿಯಲ್ಲಿ ಅದು ದೂರು. ಹಿಂದಿಯಲ್ಲಿ ಜಗಳ, ಅದರಲ್ಲೂ ಸಿನಿಮಾ ಹಾಡುಗಳಲ್ಲಿ 'ಪ್ಯಾರ್'ಗೆ ಪ್ರಾಸ ಬೇಕಾದಾಗ. ಅರಬ್ಬಿಯಲ್ಲಿ ಮಾತ್ರ ಅದರ ಅರ್ಥ ಜಗಳವೂ ಅಲ್ಲ, ದೂರೂ ಅಲ್ಲ. ಪುನರಾವರ್ತನೆ. ಹೇಳಿದ್ದನ್ನೇ ಹೇಳುವುದು. ಪಾರಸಿಯಲ್ಲೂ ತುರ್ಕಿಯಲ್ಲೂ ಇಂದಿಗೂ ಹೀಗೆಯೇ.

ಹೇಳಿದ್ದನ್ನೇ ಹೇಳಿದರೆ ವಾದ, ವಾದ ಬೆಳೆದರೆ ಜಗಳ, ಜಗಳವನ್ನು ಕಾಗದಕ್ಕಿಳಿಸಿದರೆ ಆಕ್ಷೇಪಣೆ. ಅರ್ಥ ಹೀಗೆ ಜಾರಿರುವುದರಲ್ಲಿ ನನಗೆ ಆಶ್ಚರ್ಯವೇನಿಲ್ಲ, ಏಕೆಂದರೆ ನಾನು ಖಾತೆ ತಿದ್ದುಪಡಿಗೆ ಅಲೆದವನು.

ನಮ್ಮ ನಿವೇಶನದ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ 'ಬಿನ್' ಎಂದು ಬರೆದು, ತಂದೆಯ ಹೆಸರು ಇರಬೇಕಾದಲ್ಲಿ ಮತ್ತೆ ನನ್ನದೇ ಹೆಸರನ್ನು ಬರೆದಿದ್ದರು. ಅಂದರೆ ಕಾಗದದ ಪ್ರಕಾರ ನಾನು ನನಗೇ ಮಗ. ದೇವರಲ್ಲಾದರೆ ಸ್ವಯಂಭೂ ಎಂದು ಗುಡಿ ಕಟ್ಟುತ್ತಾರೆ. ಖಾತೆದಾರನಿಗೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಹಾಗಾಗಿ ಒಂದೂವರೆ ಪುಟದ ತಕರಾರು ಅರ್ಜಿ ಬರೆದುಕೊಂಡು ಹೋದೆ. ಗುಮಾಸ್ತರು ತಾಳ್ಮೆಯಿಂದ ಓದಿದರು, ತಲೆದೂಗಿದರು, ಉದ್ದನೆಯ ರಿಜಿಸ್ಟರು ತೆರೆದರು. ಅದರಲ್ಲಿ 'ತಕರಾರಿನ ವಿವರ' ಎಂಬ ಕಲಂ ಹೆಬ್ಬೆರಳಿನಷ್ಟೇ ಅಗಲವಿತ್ತು. ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೊಂಚ ಯೋಚಿಸಿ, ಅಲ್ಲಿ ದುಂಡಗೆ 'ಇದೆ' ಎಂದು ಬರೆದರು.

ಕೆಲವು ವಾರಗಳ ಮೇಲೆ ಉತ್ತರ ಬಂತು: 'ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ತಕರಾರು ಇರುವುದು ಕಂಡುಬಂದಿದೆ.' ಕೆಳಗೆ ರುಜು, ಅದರ ಮೇಲೆ ಮೊಹರು. ನನ್ನ ಬಗ್ಗೆ ಸರ್ಕಾರ ಬರೆದದ್ದರಲ್ಲಿ ಇಷ್ಟು ನಿಖರವಾದ ವಾಕ್ಯ ಇನ್ನೊಂದಿಲ್ಲ.

ಅದೇ ಅರ್ಜಿಯನ್ನು ನಕಲು ಮಾಡಿಸಿಕೊಂಡು ಮತ್ತೆ ಹೋದೆ. ಅದೇ ರಿಜಿಸ್ಟರು, ಅದೇ ಗಲ್ಲ, ಅದೇ ಪೆನ್ನು. ಈ ಸಲ ಅವರು ಆ ಕಲಮಿನಲ್ಲಿ 'ಮೇಲಿನಂತೆ' ಎಂದು ಬರೆದರು. ಇಣುಕಿ ನೋಡಿದರೆ ಮೇಲಿನ ಸಾಲು ನನ್ನದೇ ಅಲ್ಲ; ಯಾರೋ ಚರಂಡಿಯ ಬಗ್ಗೆ ಕೊಟ್ಟದ್ದು.

"ಸ್ವಾಮಿ, ಅದು ಬೇರೆಯವರ ಚರಂಡಿ. ನನ್ನದು ತಂದೆಯ ಹೆಸರು" ಎಂದೆ.

"ಅವರಿಗೂ ತಕರಾರು ಇದೆ, ನಿಮಗೂ ಇದೆ. ಬೇರೆ ಏನು ಬರೆಯಲಿ ಸಾರ್?"