ಮನೆಯಲ್ಲಿ ಮಾಡಿದ ಲೆಕ್ಕಕ್ಕೆ ಆಂತರಿಕ ಅಂಕ ಬೇಕೇ?

ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಬೀಜಗಣಿತಕ್ಕೆ ಕಾಲೇಜು ಕೊಡುವ ಆಂತರಿಕ ಅಂಕದಲ್ಲಿ ಅಸೈನ್‌ಮೆಂಟಿಗೂ ಪಾಲಿರಬೇಕೇ? 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದಾಗ ನೂರಕ್ಕೆ 40 ಅಂಕ ಕಾಲೇಜಿನ ಕೈಯಲ್ಲಿತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಅದು 20ಕ್ಕೆ ಇಳಿದಿದೆ. ಇರುವುದು ಕಡಿಮೆಯಾದಷ್ಟೂ ಅದನ್ನು ಯಾವುದಕ್ಕೆ ಕೊಡಬೇಕೆಂಬ ಜಗ್ಗಾಟ ಹೆಚ್ಚು. ಮೈಸೂರು, ಮಂಡ್ಯದ ಕಾಲೇಜುಗಳನ್ನು ಕಣ್ಣ ಮುಂದಿಟ್ಟುಕೊಂಡು ಎರಡು ಕಡೆಯ ವಾದಗಳು ಇಲ್ಲಿವೆ.

ಪರ: ವಾರದ ಲೆಕ್ಕಕ್ಕೆ ಅಂಕ ಇರಲೇಬೇಕು

ಬೋರ್ಡಿನ ಮೇಲೆ ಮೇಷ್ಟ್ರು ಲೆಕ್ಕ ಬಿಡಿಸುವಾಗ ಪ್ರತಿ ಹೆಜ್ಜೆಯೂ ಸಲೀಸಾಗಿ ಕಾಣುತ್ತದೆ. ಅದೇ ಲೆಕ್ಕವನ್ನು ಸಂಜೆ ಖಾಲಿ ಹಾಳೆಯ ಮೇಲೆ ಮಾಡಹೊರಟರೆ ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತದೆ. ಎಲ್ಲಿ ನಿಂತಿತು, ಯಾಕೆ ನಿಂತಿತು ಎಂಬುದು ಆವತ್ತೇ ಗೊತ್ತಾಗಬೇಕು. ಮೊದಲ ಟೆಸ್ಟ್ ಬರುವ ಹೊತ್ತಿಗೆ ಏಳೆಂಟು ವಾರ ಕಳೆದಿರುತ್ತದೆ, ಮೂರನೇ ವಾರದ ತಪ್ಪಿನ ಮೇಲೆ ಇನ್ನಷ್ಟು ಪಾಠ ಕೂತಿರುತ್ತದೆ.

3/(ಎಕ್ಸ್ − 2) > 1 ಎಂಬ ಅಸಮತೆಯನ್ನೇ ನೋಡಿ. ಪಿಯುಸಿ ಮುಗಿಸಿ ಬಂದವರಲ್ಲಿ ಬಹಳ ಮಂದಿ ಎರಡೂ ಕಡೆಯನ್ನು ಎಕ್ಸ್ − 2 ರಿಂದ ಗುಣಿಸಿ, ಎಕ್ಸ್ < 5 ಎಂದು ಬರೆದು ಅಡಿಗೆರೆ ಎಳೆಯುತ್ತಾರೆ. ಎಕ್ಸ್ ಇದ್ದಲ್ಲಿ ಸೊನ್ನೆ ಹಾಕಿದರೆ ಎಡಗಡೆ ಮೈನಸ್ ಒಂದೂವರೆ ಬರುತ್ತದೆ. ಅದು 1ಕ್ಕಿಂತ ದೊಡ್ಡದಾಗಲು ಸಾಧ್ಯವೇ ಇಲ್ಲ. ಎಕ್ಸ್ − 2 ಋಣವೂ ಆಗಬಹುದು, ಆಗ ಚಿಹ್ನೆ ತಿರುಗಬೇಕು ಎಂಬುದನ್ನು ಬಿಟ್ಟಿದ್ದರಿಂದ ಆದ ತಪ್ಪು ಅದು. 1ನ್ನು ಎಡಕ್ಕೆ ತಂದು ಒಂದೇ ಛೇದಕ್ಕೆ ಸೇರಿಸಿದರೆ (5 − ಎಕ್ಸ್)/(ಎಕ್ಸ್ − 2) > 0 ಆಗುತ್ತದೆ, ಉತ್ತರ 2 ಮತ್ತು 5ರ ನಡುವೆ ಮಾತ್ರ ಎಂದು ಕಾಣುತ್ತದೆ. ತರಗತಿಯಲ್ಲಿ ಎಷ್ಟು ಸಲ ಎಚ್ಚರಿಸಿದರೂ ಈ ತಪ್ಪು ಹೋಗುವುದಿಲ್ಲ. ತಾನೇ ಮಾಡಿ, ಅದರ ಮೇಲೆ ಕೆಂಪು ಗೆರೆ ಬಿದ್ದು, ಇನ್ನೊಮ್ಮೆ ಮಾಡಿದಾಗ ಹೋಗುತ್ತದೆ.

ಬರೆಯುವ ಕ್ರಮದ ಕಥೆಯೂ ಇದೇ. 2ಎಕ್ಸ್ + 3 = 11 = 8 = 4 ಎಂದು ಒಂದೇ ಉಸಿರಿಗೆ ಬರೆದು ಉತ್ತರ ಸರಿ ತರುವವರಿದ್ದಾರೆ. ಸಮ ಚಿಹ್ನೆಯನ್ನು ‘ಮುಂದಿನ ಹೆಜ್ಜೆ’ ಎಂದು ಓದಿಕೊಂಡ ಅಭ್ಯಾಸ ಅದು. ಮ್ಯಾಟ್ರಿಕ್ಸ್ ಪಾಠ ಬಂದಾಗ ಇದೇ ಅಭ್ಯಾಸ ತೊಡಕಾಗುತ್ತದೆ: ಅಡ್ಡಸಾಲಿನ ಕ್ರಿಯೆ ಮಾಡಿದ ಮೇಲೆ ಬರುವ ಮ್ಯಾಟ್ರಿಕ್ಸ್ ಮೊದಲಿನದಕ್ಕೆ ಸಮವಲ್ಲ, ಸಮಾನ ರ‍್ಯಾಂಕ್ ಇರುವಂಥದ್ದು (ಎಂದರೆ ಒಂದರಿಂದೊಂದು ಬಾರದ ಸಾಲುಗಳ ಸಂಖ್ಯೆ ಒಂದೇ ಆಗಿರುವಂಥದ್ದು) ಅಷ್ಟೇ. ಅಲ್ಲಿ ಸಮ ಚಿಹ್ನೆ ಹಾಕಿದವರು ಮುಂದೆ ನಿರ್ಧಾರಕ ಕೇಳಿದಾಗ ಸಾಲನ್ನು 2ರಿಂದ ಗುಣಿಸಿದ್ದನ್ನು ಮರೆತು ಎರಡರಷ್ಟು ಉತ್ತರ ಬರೆಯುತ್ತಾರೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಹೆಜ್ಜೆಗೆ ಅಂಕವಿದೆ. ಸಮೀಕರಣಗಳು ಸಂಗತವೇ, ಅಂದರೆ ಅವಕ್ಕೆ ಪರಿಹಾರವಿದೆಯೇ ಎಂದು ಕೇಳಿದಾಗ, ಗುಣಾಂಕಗಳ ಮ್ಯಾಟ್ರಿಕ್ಸ್‌ನ ಮತ್ತು ಬಲಗಡೆಯ ಸಂಖ್ಯೆಗಳನ್ನೂ ಸೇರಿಸಿದ ಮ್ಯಾಟ್ರಿಕ್ಸ್‌ನ ಎರಡು ರ‍್ಯಾಂಕ್‌ಗಳನ್ನೂ ಬೇರೆಬೇರೆ ಬರೆದು, ಹೋಲಿಸಿ, ಚರಾಂಶಗಳ ಸಂಖ್ಯೆಯೊಂದಿಗೂ ಹೋಲಿಸಿದ ಸಾಲು ಇರಬೇಕು. ಆ ಸಾಲು ಬರೆಯುವ ರೂಢಿ ಪರೀಕ್ಷೆಯ ಹಿಂದಿನ ರಾತ್ರಿ ಬರುವುದಿಲ್ಲ.

ಅಂಕ ಯಾಕೆ, ಸುಮ್ಮನೆ ಹೇಳಿದರೆ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುವುದಿಲ್ಲ, ಮತ್ತು ಅದು ಸೋಮಾರಿತನವಲ್ಲ. ಭೌತಶಾಸ್ತ್ರದ ರೆಕಾರ್ಡ್‌ಗೆ ಅಂಕವಿದೆ, ರಸಾಯನಶಾಸ್ತ್ರದ ರೆಕಾರ್ಡ್‌ಗೆ ಅಂಕವಿದೆ, ಎರಡಕ್ಕೂ ಸಹಿಯ ಗಡುವಿದೆ. ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ ಕಡೆಯಿಂದ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ ಸಂಜೆ ಸಿಗುವುದೇ ಒಂದೂವರೆ ಎರಡು ಗಂಟೆ. ಅಷ್ಟರಲ್ಲಿ ಅಂಕವಿರುವ ಕೆಲಸ ಮೊದಲು ಮುಗಿಯುತ್ತದೆ, ಅಂಕವಿಲ್ಲದ ಬೀಜಗಣಿತ ನಾಳೆಗೆ ಹೋಗುತ್ತದೆ. ನಾವು ಮುಖ್ಯ ಎಂದು ಬಾಯಲ್ಲಿ ಹೇಳುವುದನ್ನು ಅಂಕಪಟ್ಟಿಯಲ್ಲೂ ಹೇಳಬೇಕು.

ನಡೆಸುವ ಕ್ರಮ ಹೀಗಿರಲಿ. 20ರಲ್ಲಿ 15 ಟೆಸ್ಟಿಗೆ, 5 ಮನೆಲೆಕ್ಕಕ್ಕೆ. ಸೆಮಿಸ್ಟರಿನಲ್ಲಿ 12 ಹಾಳೆ, ಅವುಗಳಲ್ಲಿ ಉತ್ತಮ 10ಕ್ಕೆ ಅರ್ಧರ್ಧ ಅಂಕ. ಎರಡು ಹಾಳೆ ಬಿಟ್ಟುಹೋದರೂ ನಷ್ಟವಿಲ್ಲವಾದ್ದರಿಂದ ಜ್ವರ, ಊರಹಬ್ಬ, ಮನೆಯ ಕಾರ್ಯ ಎಂದು ಯಾರೂ ಚೀಟಿ ಹಿಡಿದು ಬರಬೇಕಾಗಿಲ್ಲ. ಒಂದು ಹಾಳೆಯಲ್ಲಿ ಐದೇ ಲೆಕ್ಕ: ಎರಡು ಬರಿಯ ಕೈಪಳಗುವಂಥವು, ಎರಡು ಆ ವಾರದ ಪಾಠದ್ದು, ಒಂದು ಮೂರು ವಾರ ಹಿಂದಿನ ಪಾಠದ್ದು. ಕೊನೆಯದನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬಾರದು, ಮರೆವನ್ನು ತಡೆಯುವುದು ಅದೊಂದೇ. ಹಾಳೆಗಳು ಬಂದ ಮೇಲೆ ಐದರಲ್ಲಿ ಒಂದನ್ನು ಆರಿಸಿಕೊಂಡು ಅದನ್ನು ಎಲ್ಲರದೂ ಪೂರ್ತಿ ತಿದ್ದಿ, ಉಳಿದ ನಾಲ್ಕು ಪ್ರಯತ್ನವಾಗಿವೆಯೇ ಎಂದಷ್ಟೇ ನೋಡಿ. ಯಾವುದನ್ನು ತಿದ್ದುತ್ತಾರೆಂದು ಮೊದಲೇ ಹೇಳಬಾರದು. 80 ಜನರ ಸೆಕ್ಷನ್‌ಗೆ ತಲೆಗೆ ಎರಡು ನಿಮಿಷವಾದರೂ 160 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ತಪ್ಪಾದ ಲೆಕ್ಕವನ್ನು ಒಂದು ವಾರದೊಳಗೆ ಸರಿಮಾಡಿ ತಂದರೆ ಕಳೆದ ಅಂಕದಲ್ಲಿ ಅರ್ಧ ವಾಪಸು ಕೊಡಿ. ಕಲಿಕೆ ನಡೆಯುವುದು ಆ ಎರಡನೇ ಸಲದಲ್ಲೇ.

ಕಾಪಿ ಮಾಡುತ್ತಾರೆ ಎಂಬ ಆಕ್ಷೇಪ ನಿಜವೇ. ಅದನ್ನು ಕಷ್ಟವಾಗಿಸಲು ದಾರಿಯಿದೆ. ಈ ಮೂರು ಸಮೀಕರಣ ಕೊಡಿ: ಎಕ್ಸ್ + ವೈ + ಝಡ್ = 6, ಎಕ್ಸ್ + 2ವೈ + 3ಝಡ್ = 10, ಎಕ್ಸ್ + 2ವೈ + ಕೆ·ಝಡ್ = 12. ಇಲ್ಲಿ ಕೆ ಎಂದರೆ ಅವರವರ ರಿಜಿಸ್ಟರ್ ಸಂಖ್ಯೆಯ ಕೊನೆಯ ಅಂಕಿ. ಮೂರನೆಯದರಿಂದ ಎರಡನೆಯದನ್ನು ಕಳೆದರೆ (ಕೆ − 3)·ಝಡ್ = 2. ಕೊನೆಯ ಅಂಕಿ 5 ಇದ್ದವರಿಗೆ ಝಡ್ 1, ವೈ 2, ಎಕ್ಸ್ 3 ಬರುತ್ತದೆ. 4 ಇದ್ದವರಿಗೆ ಬೇರೆಯೇ ಉತ್ತರ. 3 ಇದ್ದವರಿಗೆ ಪರಿಹಾರವೇ ಇಲ್ಲ, ಅದು ಯಾಕೆಂದು ಅವರು ಪಕ್ಕದವರಿಗೆ ವಿವರಿಸಬೇಕಾಗುತ್ತದೆ. ಪಕ್ಕದವರ ಹಾಳೆ ನೋಡಿಕೊಂಡು ಇದನ್ನು ಮಾಡಬೇಕೆಂದರೂ ಅರ್ಧ ಪಾಲು ತಿಳಿದಿರಲೇಬೇಕು. ಕೂತು ಒಟ್ಟಿಗೆ ಚರ್ಚಿಸಲಿ, ಬರೆಯುವುದು ಮಾತ್ರ ಅವರವರೇ ಎಂಬ ನಿಯಮವನ್ನು ಮೊದಲ ದಿನವೇ ಬರೆದು ಕೊಟ್ಟುಬಿಡಿ.

ಕೊನೆಗೆ ಟೆಸ್ಟಿನ ವಿಚಾರ. ಎರಡೇ ಟೆಸ್ಟಿನ ಮೇಲೆ 20 ಅಂಕ ನಿಂತರೆ ಒಂದು ಬೆಳಗ್ಗೆ ಬಸ್ಸು ತಪ್ಪಿದವಳಿಗೆ 10 ಅಂಕ ಹೋಯಿತು. ಹನ್ನೆರಡು ವಾರಕ್ಕೆ ಹರಡಿದ ಅಂಕದಲ್ಲಿ ಒಂದು ಕೆಟ್ಟ ದಿನದ ಬೆಲೆ ಅರ್ಧ ಅಂಕ.

ವಿರೋಧ: ಅಂಕ ತರಗತಿಯಲ್ಲಿ ಬರೆದದ್ದಕ್ಕೆ ಮಾತ್ರ

ಮನೆಲೆಕ್ಕ ಬೇಡ ಎಂದು ಯಾರೂ ಹೇಳುತ್ತಿಲ್ಲ. ಅದು ವಾರವಾರವೂ ಬೇಕು, ಐದರ ಬದಲು ಹತ್ತು ಲೆಕ್ಕ ಕೊಟ್ಟರೂ ತಪ್ಪಿಲ್ಲ. ಅದಕ್ಕೆ ಅಂಕ ಕಟ್ಟಬೇಡಿ ಎಂಬುದಷ್ಟೇ ವಾದ.

ಅಂಕ ಇಲ್ಲದ ಹಾಳೆಯಲ್ಲಿ ತಪ್ಪು ತಪ್ಪಾಗಿಯೇ ಬರುತ್ತದೆ. ನಲವತ್ತು ಜನ ಒಂದೇ ಕಡೆ ಎಡವಿದ್ದರೆ ಅದನ್ನು ನೋಡಿ ಮೇಷ್ಟ್ರು ಮಾರನೇ ದಿನ ಆ ಭಾಗವನ್ನು ಮತ್ತೆ ತೆಗೆದುಕೊಳ್ಳಬಹುದು. ಅರ್ಧ ಅಂಕ ಇಟ್ಟ ದಿನದಿಂದ ತಪ್ಪನ್ನು ಮುಚ್ಚುವ ಕೆಲಸ ಶುರುವಾಗುತ್ತದೆ. ಹಾಳೆಗಳೆಲ್ಲ ಚೊಕ್ಕವಾಗಿ ಬರುತ್ತವೆ, ಎಲ್ಲರಿಗೂ ಅರ್ಥವಾಗಿದೆ ಎಂದು ಭಾವಿಸಿ ಪಾಠ ಮುಂದಕ್ಕೆ ಹೋಗುತ್ತದೆ. ನಮಗೆ ಬೇಕಾದ ಮಾಹಿತಿಯನ್ನು ಅಂಕವೇ ಕೆಡಿಸಿರುತ್ತದೆ.

ರಿಜಿಸ್ಟರ್ ಸಂಖ್ಯೆಯ ಉಪಾಯ ಒಳ್ಳೆಯದೇ, ಆದರೆ ಅದು ಪಕ್ಕದವರ ಹಾಳೆಯನ್ನು ತಡೆಯುವ ಉಪಾಯ. ಇವತ್ತು ಲೆಕ್ಕ ಬರುವುದು ಫೋನಿನಿಂದ. ಫೋಟೋಮ್ಯಾತ್‌ನಂಥ ಆ್ಯಪ್‌ಗೆ ಕ್ಯಾಮೆರಾ ಹಿಡಿದರೆ, ಚಾಟ್‌ಜಿಪಿಟಿಗೆ ಕೇಳಿದರೆ, ಕೆ ಬದಲು 7 ಹಾಕಿದ ಉತ್ತರವೂ ಹೆಜ್ಜೆ ಸಮೇತ ಬರುತ್ತದೆ. ತರಗತಿಯಲ್ಲಿ ಎಶೆಲಾನ್ ರೂಪಕ್ಕೆ (ಕೆಳಗಿಳಿದಂತೆ ಸೊನ್ನೆಗಳು ಮೆಟ್ಟಿಲಿನಂತೆ ಹೆಚ್ಚುವ ಮ್ಯಾಟ್ರಿಕ್ಸ್‌ಗೆ) ತಂದು ಕೆಳಗಿನಿಂದ ಮೇಲಕ್ಕೆ ಬಿಡಿಸಲು ಹೇಳಿಕೊಟ್ಟಿದ್ದರೆ ಹಾಳೆಯಲ್ಲಿ ನಿರ್ಧಾರಕಗಳಿಂದ ಬಿಡಿಸುವ ಕ್ರೇಮರ್ ನಿಯಮ ಕಾಣಿಸುತ್ತದೆ. ಅನುಮಾನ ಬರುತ್ತದೆ, ಸಾಬೀತು ಮಾಡಲಾಗುವುದಿಲ್ಲ. ಅನುಮಾನದ ಮೇಲೆ ಅಂಕ ಕಡಿಯುವುದು ಅನ್ಯಾಯ, ಗೊತ್ತಿದ್ದೂ ಅಂಕ ಕೊಡುವುದು ಪ್ರಾಮಾಣಿಕವಾಗಿ ಮಾಡಿ ತಪ್ಪಿದವರಿಗೆ ಅನ್ಯಾಯ. ಇಂಥ ಇಕ್ಕಟ್ಟಿಗೆ ಮೇಷ್ಟ್ರನ್ನೂ ಹುಡುಗರನ್ನೂ ತಳ್ಳುವ ನಿಯಮವೇ ಬೇಡ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಮೈಸೂರಿನ ಕುವೆಂಪುನಗರದಲ್ಲಿ ಎಂಜಿನಿಯರಿಂಗ್ ಓದಿದ ಅಣ್ಣನಿರುವ ಮನೆಯೂ, ಪಾಂಡವಪುರದ ಹಳ್ಳಿಯಲ್ಲಿ ಸಂಜೆ ಹಸು ಕರೆದು ಡೈರಿಗೆ ಹಾಲು ಹಾಕಿ ಬಂದು ಪುಸ್ತಕ ತೆಗೆಯಬೇಕಾದ ಮನೆಯೂ ಒಂದೇ ಅಲ್ಲ. ಮನೆಲೆಕ್ಕಕ್ಕೆ ಕೊಡುವ ಅಂಕದಲ್ಲಿ ಮನೆಗೂ ಒಂದು ಪಾಲು ಹೋಗುತ್ತದೆ. ತರಗತಿಯ ಬೆಂಚಿನ ಮೇಲೆ ಹದಿನೈದು ನಿಮಿಷ ಇಬ್ಬರಿಗೂ ಒಂದೇ.

160 ನಿಮಿಷದ ಲೆಕ್ಕವೂ ಸ್ವಲ್ಪ ಉದಾರವಾದದ್ದು. ಎರಡು ಸೆಕ್ಷನ್ ಎಂದರೆ ವಾರಕ್ಕೆ ಐದು ಗಂಟೆ ದಾಟಿತು, ಸರಿಮಾಡಿ ತಂದ ಹಾಳೆಗಳು ಅದರ ಮೇಲೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ಅವರಿಂದ ಇಷ್ಟು ತಿದ್ದುವ ಕೆಲಸವನ್ನು ಪುಕ್ಕಟೆ ನಿರೀಕ್ಷಿಸಿದರೆ ಐದನೇ ವಾರದ ಹೊತ್ತಿಗೆ ಹಾಳೆಯ ಮೇಲೆ ಉಳಿಯುವುದು ಒಂದು ಟಿಕ್ ಮತ್ತು ಸಹಿ. ಆಮೇಲೆ ಎಲ್ಲರಿಗೂ ಐದಕ್ಕೆ ಐದು. ಟೆಸ್ಟಿನಲ್ಲಿ ಹದಿನೈದಕ್ಕೆ ಐದು ಬಂದವನೂ ಅದನ್ನು ಸೇರಿಸಿ ಇಪ್ಪತ್ತಕ್ಕೆ ಹತ್ತು ಎಂದು ಸಮಾಧಾನಪಟ್ಟುಕೊಂಡು, 80 ಅಂಕದ ಪರೀಕ್ಷೆಗೆ ತಯಾರಿಲ್ಲದೆ ಕೂರುತ್ತಾನೆ.

ಬದಲಿಗೆ ಹದಿನೈದು ದಿನಕ್ಕೊಂದು ಕಿರುಟೆಸ್ಟ್ ಇಡಿ. ಎಂಟು ಟೆಸ್ಟ್, ಉತ್ತಮ ಆರನ್ನು ಲೆಕ್ಕಕ್ಕೆ ತೆಗೆದುಕೊಂಡು 10 ಅಂಕಕ್ಕೆ ಇಳಿಸಿ, ಉಳಿದ 10 ಕಾಲೇಜಿನ ಉತ್ತರ ಪುಸ್ತಿಕೆಯಲ್ಲಿ ಬರೆಯುವ ಮಾಮೂಲಿ ಬ್ಲೂ ಬುಕ್ ಟೆಸ್ಟಿಗೆ. ಮೊದಲ ಪೀರಿಯಡ್ಡಿನಲ್ಲಿ ಇಡಬಾರದು, ಬಸ್ಸು ರೈಲಿನವರು ಇನ್ನೂ ಬರುತ್ತಿರುತ್ತಾರೆ. ಮೂರನೇ ಪೀರಿಯಡ್ಡಿನ ಕೊನೆಯ ಹದಿನೈದು ನಿಮಿಷ ಸರಿಯಾದ ಹೊತ್ತು. ಫೋನು ಬ್ಯಾಗಿನಲ್ಲಿ, ಬ್ಯಾಗು ಬೋರ್ಡಿನ ಕೆಳಗೆ. ಅಕ್ಕಪಕ್ಕದವರಿಗೆ ಬೇರೆಬೇರೆ ಅಂಕಿಗಳ ಎರಡು ಪ್ರಶ್ನೆಪತ್ರಿಕೆ. ಅಂಕಿಗಳು ಭಿನ್ನರಾಶಿಗೆ ಹೋಗದಂತೆ ಆರಿಸಿದರೆ ಕ್ಯಾಲ್ಕುಲೇಟರ್ ಕೇಳುವವರೇ ಇರುವುದಿಲ್ಲ.

ಪ್ರಶ್ನೆ ಎರಡೇ ಇರಲಿ. ಒಂದು ಮನೆಲೆಕ್ಕದ ಪಟ್ಟಿಯಿಂದ ಹಾಗೆಯೇ ಎತ್ತಿದ್ದು, ಇನ್ನೊಂದು ಅದೇ ಜಾತಿಯ ಹೊಸದು. ಪಿಯುಸಿ ಪಾಠವನ್ನು ನೆನಪಿಸುವ ಬ್ರಿಡ್ಜ್ ಕೋರ್ಸಿನ ಮನೆಲೆಕ್ಕದಲ್ಲಿ √(ಎಕ್ಸ್ + 6) = ಎಕ್ಸ್ ಕೊಟ್ಟಿದ್ದರೆ ಟೆಸ್ಟಿನಲ್ಲಿ √(2ಎಕ್ಸ್ + 3) = ಎಕ್ಸ್ ಕೇಳಿ. ವರ್ಗ ಮಾಡಿದರೆ 3 ಮತ್ತು −1 ಬರುತ್ತದೆ. −1ನ್ನು ಮೂಲ ಸಮೀಕರಣಕ್ಕೆ ಹಾಕಿದರೆ ಎಡಗಡೆ 1, ಬಲಗಡೆ −1, ಅದನ್ನು ಬಿಡಬೇಕು. ಮನೆಯಲ್ಲಿ ಪೆನ್ನು ಹಿಡಿದು ಮಾಡಿದವರು ತಾಳೆ ನೋಡಿ ಬಿಡುತ್ತಾರೆ, ನಕಲು ಮಾಡಿದವರು ಎರಡೂ ಉತ್ತರ ಬರೆದು ಕೊಡುತ್ತಾರೆ. ಯಾರನ್ನೂ ಅನುಮಾನಿಸದೆ ವಿಷಯ ಗೊತ್ತಾಯಿತು. ಪ್ರಶ್ನೆಗೆ ಐದು ಅಂಕವಾದರೆ ಎರಡು ವಿಧಾನಕ್ಕೆ, ಎರಡು ಲೆಕ್ಕಾಚಾರಕ್ಕೆ, ಒಂದು ತಾಳೆ ನೋಡಿ ತೀರ್ಮಾನ ಬರೆದದ್ದಕ್ಕೆ. ಚಿಹ್ನೆ ಒಂದು ಕಡೆ ತಪ್ಪಿದ್ದರೆ ಅರ್ಧ ಅಂಕ ಮಾತ್ರ ಕಳೆಯಿರಿ. ತಲೆಗೆ ಒಂದೂವರೆ ನಿಮಿಷದಂತೆ 80 ಹಾಳೆಗೆ ಎರಡು ಗಂಟೆ, ಅದೂ ಹದಿನೈದು ದಿನಕ್ಕೊಮ್ಮೆ.

ಹಾಗಾದರೆ ಮನೆಲೆಕ್ಕ ಯಾರು ಮಾಡುತ್ತಾರೆ? ಅರ್ಧ ಪ್ರಶ್ನೆ ಆ ಪಟ್ಟಿಯಿಂದಲೇ ಬರುತ್ತದೆ ಎಂದು ಮೊದಲ ಟೆಸ್ಟಿನಲ್ಲಿ ಕಂಡವರು ಎರಡನೆಯದಕ್ಕೆ ಮಾಡಿಕೊಂಡು ಬರುತ್ತಾರೆ. ಒಂದು ಕೆಟ್ಟ ದಿನದಿಂದ ಅಂಕ ಕಳೆದುಕೊಳ್ಳುವವರ ಬಗ್ಗೆ ಪರ ವಾದದಲ್ಲಿರುವ ಕಾಳಜಿ ನಮಗೂ ಇದೆ. ಅದಕ್ಕೆ ಮದ್ದು ಮರುಟೆಸ್ಟ್. ಹತ್ತು ದಿನದೊಳಗೆ ಅದೇ ಭಾಗದ ಹೊಸ ಪ್ರಶ್ನೆ ಬರೆಯಲು ಬಿಡಿ, ಹೊಸ ಅಂಕ ಹೆಚ್ಚಾಗಿದ್ದರೆ ಹಳೆಯದನ್ನು ಪೂರ್ತಿ ಅಳಿಸಿ ಅದನ್ನೇ ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ, ತಡವಾಗಿ ಕಲಿತವರೂ ಕಲಿತವರೇ.

ದಿನಾಂಕಗಳ ಪಟ್ಟಿ ಸೆಮಿಸ್ಟರಿನ ಮೊದಲ ದಿನವೇ ಕೈಗೆ ಸಿಗಬೇಕು. ಬೆಸ ಸೆಮಿಸ್ಟರಿನ ನಡುವೆ ದಸರಾ ರಜೆ ಬರುತ್ತದೆ. ರಜೆ ಮುಗಿದ ವಾರವೇ ಟೆಸ್ಟ್ ಇಟ್ಟರೆ ಅಳೆಯುವುದು ಮರೆವನ್ನು. ಆ ವಾರ ಹಳೆಯ ಪಟ್ಟಿಯ ಲೆಕ್ಕಗಳನ್ನು ಒಬ್ಬೊಬ್ಬರನ್ನು ಬೋರ್ಡಿಗೆ ಕರೆದು ಮಾಡಿಸಿ, ಟೆಸ್ಟನ್ನು ಅದರ ಮುಂದಿನ ವಾರಕ್ಕೆ ಹಾಕಿ.