‘ರೆಪೊ ಮೆನ್’ ಹಳೇ ‘ರೆಪೊ ಮ್ಯಾನ್’ನ ರೀಮೇಕ್ ಅಲ್ಲ

2010ರ ‘ರೆಪೊ ಮೆನ್’, 1984ರ ‘ರೆಪೊ ಮ್ಯಾನ್’ ಚಿತ್ರದ ರೀಮೇಕ್ ಅಂತ ಒಂದು ಮಾತು ಓಡಾಡ್ತಿದೆ. ಅದು ತಪ್ಪು. ಹೆಸರು ಹತ್ತಿರ ಇದೆ, ಅಷ್ಟೇ.

ಹಳೇದು ಅಲೆಕ್ಸ್ ಕಾಕ್ಸ್ ಬರೆದು ನಿರ್ದೇಶಿಸಿದ ಕಾಮಿಡಿ. ಕಂತು ಕಟ್ಟದವರ ಕಾರು ಎತ್ತಿಕೊಂಡು ಬರುವ ಕೆಲಸಕ್ಕೆ ಸೇರಿದ ಹುಡುಗನಾಗಿ ಎಮಿಲಿಯೊ ಎಸ್ಟೆವೆಜ್, ಅವನಿಗೆ ಕಸುಬು ಕಲಿಸುವ ಹಿರಿಯನಾಗಿ ಹ್ಯಾರಿ ಡೀನ್ ಸ್ಟಾಂಟನ್. ಲಾಸ್ ಏಂಜಲಿಸ್ ಬೀದಿಗಳಲ್ಲಿ ಎಲ್ಲರೂ ಒಂದು 1964ರ ಷೆವರ್ಲೆ ಮಾಲಿಬು ಕಾರಿನ ಹಿಂದೆ ಬಿದ್ದಿರುತ್ತಾರೆ. ಹಿಡಿದುಕೊಟ್ಟರೆ 20,000 ಡಾಲರ್! ಆರಂಭದಲ್ಲೇ ಪೊಲೀಸಪ್ಪ ಅದರ ಡಿಕ್ಕಿ ತೆಗೆಯುತ್ತಾನೆ. ಫಳ್ ಅಂತ ಬೆಳಕು. ಆಮೇಲೆ ಉಳಿಯೋದು ಹೊಗೆಯಾಡುವ ಅವನ ಬೂಟು ಮಾತ್ರ. ಅಂಗಡಿ ಡಬ್ಬಗಳ ಮೇಲೆ ಬ್ರ್ಯಾಂಡ್ ಇಲ್ಲ, ಸುಮ್ನೆ ‘ಫುಡ್’ ಅಂತ ಬರೆದಿರುತ್ತದೆ. ನನಗೆ ತುಂಬಾ ಇಷ್ಟವಾದ ಸಿನಿಮಾ ಇದು.

ಹೊಸದು ಎರಿಕ್ ಗಾರ್ಸಿಯಾ ಕಾದಂಬರಿ ಆಧರಿಸಿದ್ದು. ಜೂಡ್ ಲಾ, ಫಾರೆಸ್ಟ್ ವಿಟೇಕರ್ ನಟಿಸಿದ್ದಾರೆ. ಅದರಲ್ಲಿ ಕಂತು ತಪ್ಪಿದರೆ ಕಿತ್ತುಕೊಳ್ಳೋದು ಕಾರಲ್ಲ, ದೇಹಕ್ಕೆ ಹಾಕಿದ ಕೃತಕ ಅಂಗ. ರಕ್ತ ಜಾಸ್ತಿ. ನಗೋಣ ಅಂತ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹಾಕುವ ಮೊದಲು, ಚಿತ್ರ ಯಾವ ವರ್ಷದ್ದು ಅಂತ ಒಮ್ಮೆ ನೋಡಿಕೊಳ್ಳಿ.